ಮಾದರಿ ಕಾರಿನ ಬಣ್ಣದಲ್ಲಿ ಕುಳಿಗಳು

ಪ್ರಶ್ನೆ: 1:24 ಅಳತೆಯ ಪ್ಲಾಸ್ಟಿಕ್ ಕಿಟ್‌ನಿಂದ ಕಾರಿನ ಮಾದರಿಯೊಂದನ್ನು ಜೋಡಿಸುತ್ತಿದ್ದೇನೆ. ಹೊರಮೈಗೆ ಸ್ಪ್ರೇ ಬಣ್ಣ ಹೊಡೆದಾಗ ಅಲ್ಲಲ್ಲಿ ಸಣ್ಣ ಕುಳಿಗಳು ಬೀಳುತ್ತವೆ. ಬಾಗಿಲಿನ ಅಂಚಿನ ಗೆರೆಗಳೂ ಮುಚ್ಚಿಹೋಗುತ್ತವೆ. ಪರಿಹಾರವೇನು?

ಉತ್ತರ: ಕುಳಿಗಳಿಗೆ ಬಹುಮಟ್ಟಿಗೆ ಜಿಡ್ಡೇ ಕಾರಣ. ಬಿಡಿಭಾಗಗಳು ಅಚ್ಚಿನಿಂದ ಸುಲಭವಾಗಿ ಬಿಟ್ಟುಬರಲೆಂದು ಬಳಸುವ ಎಣ್ಣೆಯಂಥ ಪದಾರ್ಥವಾಗಲಿ, ನಮ್ಮ ಬೆರಳುಗಳ ಜಿಡ್ಡಾಗಲಿ ಮೇಲ್ಮೈಯಲ್ಲಿ ಉಳಿದಿದ್ದರೆ, ಬಣ್ಣವು ಅಲ್ಲಿ ಹಿಡಿಯದೆ ಸುತ್ತಲೂ ಸರಿದು ನಿಲ್ಲುತ್ತದೆ. ಆದ್ದರಿಂದ ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಮೃದುವಾದ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ, ಅನಂತರ ಪ್ರೈಮರ್ (ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಕೊಡುವ ತಳಲೇಪ) ಹೊಡೆಯಿರಿ. ಕುದಿಯುವ ನೀರು ಬೇಡ, ಕಿಟ್‌ನ ಪ್ಲಾಸ್ಟಿಕ್ (ಪಾಲಿಸ್ಟೈರೀನ್) ಸೊಟ್ಟಗಾಗುತ್ತದೆ.

ಗೆರೆಗಳು ಮುಚ್ಚುವುದು ದಪ್ಪ ಲೇಪದಿಂದ. ಪುಟ್ಟ ಕಾರಿಗೆ ನಿಜವಾದ ಕಾರಿನ ಕಳೆ ಬರುವುದೇ ಈ ಗೆರೆಗಳಿಂದಾದ್ದರಿಂದ, ಬಣ್ಣಕ್ಕೆ ಮೊದಲೇ ಅವುಗಳನ್ನು ಮೊನಚಾದ ಉಪಕರಣದಿಂದ ಹಗುರವಾಗಿ ಗೀರಿ ಆಳಗೊಳಿಸಿ, ತೆಳುವಾದ ಲೇಪಗಳನ್ನೇ ಒಂದರ ಮೇಲೊಂದರಂತೆ ಕೊಡಿ.