ಓದುಗರ ಪ್ರಶ್ನೆ, ಅಕ್ಕನ ಉತ್ತರ: ಜನವರೀಲೇ ಇಷ್ಟು ಸೆಕೆನಾ?

ಪ್ರಶ್ನೆ: ಅಕ್ಕಾ, ನಮ್ಮೂರು ಶಿರಸಿ ಹತ್ರ ಒಂದು ಹಳ್ಳಿ, ಓದ್ತಿರೋದು ಕಾರವಾರದಲ್ಲಿ, ಇಂಜಿನಿಯರಿಂಗ್ ಎರಡನೇ ವರ್ಷ. ಸೆಮ್ ಮುಗಿದ ರಜೆಗೆ ಮನೆಗೆ ಹೋದವಳು ಕೊನೆಕೊಯ್ಲು, ಅಡಿಕೆ ಸುಲಿಯೋದು, ಆಲೆಮನೆ ಅಂತ ಆರಾಮಾಗಿದ್ದೆ, ಬೆಳಿಗ್ಗೆ ಒಂಬತ್ತಾದ್ರೂ ಶಾಲು ಬಿಡ್ತಿರ್ಲಿಲ್ಲ. ಹೋದ ವಾರ ವಾಪಸ್ ಬಂದೆ, ಬಸ್ಸು ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟೋದ್ರೊಳಗೆ ಸ್ವೆಟರ್ ಬ್ಯಾಗಿಗೆ ಹೋಯ್ತು. ಅವತ್ತಿಂದ ತಲೆನೋವು, ಮಧ್ಯಾಹ್ನ ಕ್ಲಾಸಲ್ಲಿ ಕಣ್ಣೆಳೀತದೆ, ಕುತ್ತಿಗೆ ತುಂಬ ಬೆವರುಸಾಲೆ. ಒಂದೇ ಜಿಲ್ಲೆ ಅಲ್ವಾ, ಇಷ್ಟು ವ್ಯತ್ಯಾಸ ಹೇಗೆ? ರೂಮ್‌ಮೇಟ್ ಕಾರವಾರದವಳೇ, ನನ್ನ ನೋಡಿ ನಗ್ತಾಳೆ. ಆಯಿ ಅಂತೂ ಶನಿವಾರ ಶನಿವಾರ ಮನೆಗೆ ಬಂದ್ಬಿಡು ಅಂತಾಳೆ. ಹೋಗ್ಲಾ?
– ಘಟ್ಟದ ಮೇಲಿನವಳು, ಕಾರವಾರ

ಉತ್ತರ: ತಂಗಿ, ಹೋಗ್ಬೇಡ. ಎರಡು ವಾರ ಅಲ್ಲೇ ಇರು, ಆಮೇಲೆ ಬೇಕಾದ್ರೆ ಹೋಗು, ಆಯಿಗೆ ನಾನೇ ಹೇಳಿದ್ದು ಅಂತ ಹೇಳು.

ಮೊದ್ಲು ಸೂರ್ಯನ ಮೇಲಿನ ಸಿಟ್ಟು ಬಿಡು. ನಕ್ಷೆ ತೆಗೆದು ನೋಡಿದ್ರೆ ಕಾರವಾರ ಶಿರಸಿಗಿಂತ ಒಂಚೂರು ಉತ್ತರಕ್ಕೇ ಇದೆ, ಚಳಿಗಾಲದಲ್ಲಿ ನಿಮ್ಮೂರಲ್ಲೇ ಬಿಸಿಲು ಒಂದು ಗುಂಜಿ ಹೆಚ್ಚು ನೆಟ್ಟಗೆ ಬೀಳೋದು. ವ್ಯತ್ಯಾಸ ಎತ್ತರದ್ದು. ಶಿರಸಿ ಇರೋದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ, ಸಾವಿರ ಮೀಟರ್ ಏರಿದ್ರೆ ಸರಾಸರಿ ಆರೂವರೆ ಡಿಗ್ರಿ ತಂಪು ಅನ್ನೋದು ಲೆಕ್ಕ, ಅಂದ್ರೆ ಸುಮಾರು 4 ಡಿಗ್ರಿ ಬರೀ ಘಟ್ಟ ಇಳಿದಿದ್ದಕ್ಕೇ ಏರ್ತು. ಮಜಾ ಇರೋದು ಗಾಳೀಲಿ. ಚಳಿಗಾಲದಲ್ಲಿ ನಮ್ಮ ಕಡೆ ಮೂಡಣ ಗಾಳಿ ಬೀಸ್ತದಲ್ಲ, ನಿಮ್ಮ ತೋಟದ ಮೇಲೆ ತಣ್ಣಗೆ ಹಾದು ಬಂದ ಅದೇ ಗಾಳಿ ಘಟ್ಟ ಇಳೀತಾ ಇಳೀತಾ ಒತ್ತಡ ಹೆಚ್ಚಾಗಿ ಬಿಸಿಯಾಗ್ತದೆ, ಸೈಕಲ್ ಪಂಪ್ ಹೊಡೀತಾ ಹೊಡೀತಾ ಅದ್ರ ಬುಡ ಬಿಸಿಯಾಗಲ್ವಾ, ಹಾಗೆ. ಒಣ ಗಾಳಿ 100 ಮೀಟರ್ ಇಳಿದ್ರೆ ಹತ್ತಿರ ಹತ್ತಿರ 1 ಡಿಗ್ರಿ ಏರ್ತದೆ, ಅಂದ್ರೆ ಆ ಸರಾಸರಿ ಲೆಕ್ಕಕ್ಕಿಂತಲೂ ಜಾಸ್ತಿ. ಕಡಲ ಗಾಳಿ ಬೇಗ ಎದ್ರೆ ಕಾರವಾರದವ್ರು ಬಚಾವ್, ಮೂಡಣ ಗಾಳಿ ಜೋರಿದ್ದ ದಿನ ಅದು ಕಡಲ ಗಾಳಿನ ದಡಕ್ಕೇ ಬಿಡಲ್ಲ, ಮಧ್ಯಾಹ್ನದ ಹೊತ್ತಿಗೆ ಪಾದರಸ 35 ಡಿಗ್ರಿ ಆಸುಪಾಸು ಹೋಗಿ ಕೂತಿರ್ತದೆ. ಉತ್ತರ ಭಾರತ ಮಂಜಲ್ಲಿ ನಡುಗ್ತಿರೋ ದಿನಾನೇ ಹವಾಮಾನ ವರದೀಲಿ ದೇಶದಲ್ಲೇ ಹೆಚ್ಚು ಬಿಸಿ ಅಂತ ಕಾರವಾರದ್ದೋ ಹೊನ್ನಾವರದ್ದೋ ಹೆಸರು ಬರೋದು ಅಪರೂಪ ಅಲ್ಲ. ರೂಮ್‌ಮೇಟಿಗೆ ಹೇಳು, ನಗಬೇಡ ಮಾರಾಯ್ತಿ, ಈ ಸೆಕೆ ಕಳ್ಸಿದ್ದು ನಾವೇ ಅಂತ.

ಇನ್ನು ನಿನ್ನ ಮೈ ವಿಷ್ಯ. ಸೆಕೆ ಮೈಗೆ ಒಗ್ಗೋಕೆ ಸಾಧಾರಣ 7ರಿಂದ 14 ದಿನ ಬೇಕು. ಆ ದಿನಗಳಲ್ಲಿ ಒಳಗೆ ಏನೇನೋ ನಡೀತದೆ, ರಕ್ತದಲ್ಲಿ ನೀರಿನಂಶ ಹೆಚ್ಚಾಗ್ತದೆ, ಬೆವರು ಮೊದಲಿಗಿಂತ ಬೇಗ ಶುರುವಾಗ್ತದೆ, ಜಾಸ್ತಿನೂ ಬರ್ತದೆ, ಆದ್ರೆ ಅದರ ಜೊತೆ ಹೋಗೋ ಉಪ್ಪು ಕಮ್ಮಿಯಾಗ್ತದೆ. ರಜೆಗೆ ಮೊದ್ಲು ನಿಂಗೆ ಇದೆಲ್ಲಾ ಇತ್ತು, ಬಚ್ಚಲು ಒಲೆ ಮುಂದೆ ಕೂತ ವಾರಗಳಲ್ಲಿ ಇಳಿದುಹೋಯ್ತು, ಈಗ ಮತ್ತೆ ಕಟ್ಟಬೇಕು. ಮಧ್ಯೆ ಎರಡು ದಿನ ಮನೆಗೆ ಹೋದ್ರೆ ಪೂರ್ತಿ ಹಾಳಾಗಲ್ಲ ನಿಜ, ಆದ್ರೆ ಶುರುವಲ್ಲೇ ತುಂಡು ತುಂಡಾದ್ರೆ ನಿಧಾನ ಆಗ್ತದೆ, ಮೇಲಿಂದ ಘಟ್ಟದ ತಿರುವಲ್ಲಿ ಹೊಟ್ಟೆ ತೊಳೆಸ್ಕೊಂಡು ಸೋಮವಾರದ ಮೊದಲ ಕ್ಲಾಸಿಗೆ ಏನು ಕೂರ್ತೀಯಾ. ಹಾಗಂತ ದಿನವಿಡೀ ಫ್ಯಾನಿನ ಕೆಳಗೆ ಬಿದ್ಕೊಂಡ್ರೂ ಮೈ ಕಲಿಯಲ್ಲ. ಸಂಜೆ ಐದರ ಮೇಲೆ ಟಾಗೋರ್ ಬೀಚಲ್ಲಿ ಅರ್ಧ ತಾಸು ನಡಿ, ಸ್ವಲ್ಪ ಬೆವರು ಬರ್ಲಿ, ಒಂದು ವಾರ ಆದ್ಮೇಲೆ ಇನ್ನೂ ಸ್ವಲ್ಪ ಹೆಚ್ಚು ಮಾಡು. ನಡು ಮಧ್ಯಾಹ್ನ ಮಾತ್ರ ಶೌರ್ಯ ಬೇಡ, ಕೊಡೆ ಹಿಡ್ಕೊ. ಮಳೆಗಾಲದಲ್ಲಿ ನಾಲ್ಕು ತಿಂಗಳು ಹಿಡಿದ ಕೊಡೆ ಬಿಸಿಲಿಗೆ ಹಿಡಿಯೋಕೆ ಅದೇನು ನಾಚಿಕೆನೋ ಈಗಿನ ಮಕ್ಕಳಿಗೆ!

ಬಾಯಾರೋ ತನಕ ಕಾಯ್ಬೇಡ, ಕುಡೀತಿರು. ಮೂತ್ರ ಗಾಢ ಹಳದಿ ಆಗಿದ್ರೆ ನೀರು ಸಾಲಲಿಲ್ಲ ಅಂತ ಅರ್ಥ, ತಲೆನೋವಿಗೂ ಬಹಳ ಸಲ ಅದೇ ಕಾರಣ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು, ಎಳನೀರು ಯಾವುದಾದ್ರೂ ಸೈ, ಮನೆಯಿಂದ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ ತಂದಿದ್ರೆ ನೀರಲ್ಲಿ ನೆನೆಸಿ ಬೆಲ್ಲ ಉಪ್ಪು ಹಾಕು, ಅದ್ರ ಮುಂದೆ ಬಾಟ್ಲಿ ಜ್ಯೂಸೆಲ್ಲ ದಂಡ. ಅಪ್ಪೆಹುಳಿ, ಅದೇ ಮಾವಿನಕಾಯಿಯ ತೆಳ್ಳನೆ ಹುಳಿ, ಮಾತ್ರ ರಾತ್ರಿ ಊಟಕ್ಕೆ ಇಟ್ಕೋ, ಅದನ್ನ ಕುಡಿದು ಮಧ್ಯಾಹ್ನದ ಕ್ಲಾಸಲ್ಲಿ ಎಚ್ಚರ ಇದ್ದವ್ರನ್ನ ನಾನಂತೂ ಕಂಡಿಲ್ಲ.

ಬೆವರುಸಾಲೆಗೆ ಕೊಬ್ಬರಿ ಎಣ್ಣೆ ಹಚ್ತಿದ್ರೆ ಇವತ್ತೇ ನಿಲ್ಸು, ಬೆವರಿನ ರಂಧ್ರ ಇನ್ನೂ ಮುಚ್ಕೊಳ್ತದೆ. ಎರಡು ಹೊತ್ತು ತಣ್ಣೀರು ಸ್ನಾನ, ಮೈ ಒಣಗಿದ ಮೇಲೆ ಸಡಿಲ ಕಾಟನ್ ಬಟ್ಟೆ, ತುರಿಕೆ ಜೋರಿದ್ರೆ ಕ್ಯಾಲಮೈನ್ ಲೋಷನ್. ಎರಡು ವಾರ ಕಳೆದ್ರೂ ತಲೆನೋವು ಹೋಗ್ಲಿಲ್ಲ ಅಂದ್ರೆ ಸೆಕೆ ಮೇಲೆ ಹಾಕಿ ಸುಮ್ನಿರ್ಬೇಡ, ಕಣ್ಣು ತೋರ್ಸು, ಹಿಮೋಗ್ಲೋಬಿನ್ ನೋಡ್ಸು. ಯಾರಿಗಾದ್ರೂ ಬಿಸಿಲಲ್ಲಿ ಮಾತು ತೊದಲಿ, ಗೊಂದಲ ಆಗಿ, ಮೈ ಕೆಂಡದ ಹಾಗೆ ಸುಡ್ತಿದ್ರೆ ಅದು ಶರಬತ್ತು ಕುಡಿಸೋ ಹೊತ್ತಲ್ಲ, 108ಕ್ಕೆ ಫೋನ್ ಮಾಡಿ, ಗಾಡಿ ಬರೋ ತನಕ ನೆರಳಲ್ಲಿ ಮಲಗಿಸಿ ಮೈಗೆ ತಣ್ಣೀರು ಹಾಕಿ ಗಾಳಿ ಬೀಸ್ತಿರ್ಬೇಕು.

ಇನ್ನೊಂದು, ನೀನು ಬರೆದಿಲ್ಲ, ನನ್ನ ಊಹೆ. ಆಲೆಮನೆ ಬಿಟ್ಟು ಬಂದ ಬೇಜಾರೂ ಆ ತಲೆನೋವಲ್ಲಿ ಸ್ವಲ್ಪ ಇದೆ. ಅದಕ್ಕೆ ಮಜ್ಜಿಗೆ ಕೆಲ್ಸ ಮಾಡಲ್ಲ, ಆ ರೂಮ್‌ಮೇಟಿನ ಮನೆಗೇ ಒಂದು ಭಾನುವಾರ ಊಟಕ್ಕೆ ಹೋಗು.

ಪ್ರಶ್ನೆ: ಮಗ ಕಾರವಾರದ ಹಾಸ್ಟೆಲ್ಲಲ್ಲಿದ್ದಾನೆ. ರಜೆ ಮುಗಿಸಿ ಹೊರಟಾಗ ಹೊಸ ಜೋನಿ ಬೆಲ್ಲ (ನೀರು ಬೆಲ್ಲ) ಪ್ಲಾಸ್ಟಿಕ್ ಡಬ್ಬೀಲಿ ತುಂಬ್ಸಿ ಕೊಟ್ಟಿದ್ದೆ. ಹತ್ತು ದಿನಕ್ಕೆ ನೊರೆ ಬಂದು ಮುಚ್ಚಳ ಎಬ್ಬಿಸಿ ಪುಸ್ತಕದ ಮೇಲೆಲ್ಲಾ ಹರಿದಿದೆಯಂತೆ. ಅದೇ ಬೆಲ್ಲ ಇಲ್ಲಿ ಮನೇಲಿ ಏನೂ ಆಗಿಲ್ಲ.
– ಗೃಹಿಣಿ, ಸಿದ್ದಾಪುರ

ಉತ್ತರ: ಪಾಕ ಸ್ವಲ್ಪ ಎಳೇದಿತ್ತು ಅನ್ಸ್ತದೆ ಅಕ್ಕಾ. ನೀರಿನಂಶ ಉಳಿದ ಬೆಲ್ಲ ಸೆಕೆಗೆ ಬೇಗ ಹುಳಿ ಬರ್ತದೆ, ಗ್ಯಾಸ್ ಆಗಿ ಉಕ್ತದೆ. ಮೇಲಿಂದ ಹುಡುಗ್ರು ಒದ್ದೆ ಚಮಚ ಹಾಕದೇ ಇರ್ತಾರಾ? ಮುಂದಿನ ಸಲ ಇನ್ನೊಂದು ಕುದಿ ಕೊಟ್ಟು ಗಟ್ಟಿ ಮಾಡಿ, ಆರಿದ ಮೇಲೆ ಒಣಗಿದ ಗಾಜಿನ ಬಾಟ್ಲಿಗೆ ಮುಕ್ಕಾಲು ತುಂಬಿ, ಸಣ್ಣ ಸಣ್ಣ ಬಾಟ್ಲಿ ಆದ್ರೆ ಇನ್ನೂ ಒಳ್ಳೇದು. ಕಾಗದದಷ್ಟು ತೆಳ್ಳಗಿನ ಗರಿಗರಿ ಸಿಹಿ ತೊಡೆದೇವು ಕಳ್ಸೋದಾದ್ರೆ ಅದಕ್ಕೆ ಸೆಕೆಗಿಂತ ಕಡಲ ಬದಿಯ ತೇವದ ಕಾಟ ಜಾಸ್ತಿ, ಗಾಳಿಯಾಡದ ಡಬ್ಬಿ ಬೇಕು. ಆದ್ರೆ ಹಾಸ್ಟೆಲ್ಲಲ್ಲಿ ಅದು ಮೆತ್ತಗಾಗೋ ತನಕ ಉಳೀತದೆ ಅಂತ ನೀವು ನಂಬಿದ್ರೆ ನಿಮ್ಮ ಧೈರ್ಯ ಮೆಚ್ಚಬೇಕು.

ಪ್ರಶ್ನೆ: ಎಲ್ರೂ ಕಾರವಾರಕ್ಕೆ ಇಳಿದವ್ರ ಕಷ್ಟಾನೇ ಕೇಳ್ತೀರಿ. ನಾನು ಕಾರವಾರ ಕೋಡಿಬಾಗದವನು, ಓದೋದು ಶಿರಸೀಲಿ ಫಾರೆಸ್ಟ್ರಿ. ರಜೆ ಮುಗಿಸಿ ಹತ್ತಿದ್ರೆ ಬೆಳಿಗ್ಗೆ ಆರಕ್ಕೆ ಫೀಲ್ಡಿಗೆ ಹೋಗ್ಬೇಕು, ಹಲ್ಲು ಕಟಕಟ. ನಂಗೂ ಎರಡು ವಾರದಲ್ಲಿ ಒಗ್ತದಾ?

ಉತ್ತರ: ಇಲ್ಲ ತಮ್ಮಾ. ಸೆಕೆಗೆ ಒಗ್ಗಿದಷ್ಟು ಚೆನ್ನಾಗಿ ಚಳಿಗೆ ಮನುಷ್ಯನ ಮೈ ಒಗ್ಗಲ್ಲ. ಒಂದು ದಪ್ಪ ಸ್ವೆಟರ್ ತಗೋ, ಒಳಗೆ ಇನ್ನೊಂದು ಬನಿಯನ್ ಹಾಕು. ಸ್ವೆಟರ್ ಸಾಲಕ್ಕೆ ಬೇಕಿದ್ರೆ ಮೇಲಿನ ತಂಗಿದು ಬ್ಯಾಗಲ್ಲೇ ಬಿದ್ದಿದೆಯಂತೆ.