ಇಂಜೆಕ್ಟ್ ಆಗೋ ಕ್ಲಾಸ್ ಎಲ್ಲಾನೂ ಮಾಕ್ ಮಾಡ್ಲೇಬೇಕಾ?

ನೀವು ಕೇಳ್ತಿರೋದು, ಆಟೋ ಬುಕಿಂಗ್ ಆಪ್‌ನ ಟ್ರಿಪ್ ಸರ್ವೀಸ್‌ಗೆ ಸ್ಪ್ರಿಂಗ್ ಅನ್ನೋ ಜಾವಾ ಫ್ರೇಮ್‌ವರ್ಕ್ ಐದು ಕ್ಲಾಸ್ ಇಂಜೆಕ್ಟ್ ಮಾಡುತ್ತೆ (ತಾನೇ ತಂದು ಕೊಡುತ್ತೆ), ಟೆಸ್ಟ್ ಬರೀವಾಗ ಐದಕ್ಕೂ ಇಂಟರ್‌ಫೇಸ್ ಮಾಡಿ ಐದನ್ನೂ ಮಾಕ್ ಮಾಡ್ಬೇಕಾ, ಅಂದ್ರೆ ಹೇಳ್ಕೊಟ್ಟ ಉತ್ತರವನ್ನೇ ಕೊಡೋ ನಕಲಿ ಇಡ್ಬೇಕಾ ಅಂತ ಅಲ್ವಾ. ದಯವಿಟ್ಟು ಹಾಗೆ ಮಾಡ್ಬೇಡಿ, ನಾನು ಮಾಡಿ ಪಟ್ಟಿರೋ ಪಾಡು ಹೇಳ್ತೀನಿ.

ಬೆಳ್ಳಂದೂರು ಕಡೆ ಒಂದು ಸಣ್ಣ ಕಂಪನೀಲಿದ್ದಾಗ ಇಂಥದ್ದೇ ಕೋಡ್ ಬರ್ದಿದ್ದೆ. ಬೆಂಗಳೂರಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮೀಟರ್ ಮೇಲೆ ಒಂದೂವರೆ ಪಟ್ಟು ಅಲ್ವಾ, ಆ ಲೆಕ್ಕ ಹಾಕೋ ಫೇರ್ ಕ್ಯಾಲ್ಕುಲೇಟರ್‌ನೇ ಮಾಕ್ ಮಾಡ್ಬಿಟ್ಟಿದ್ದೆ, ನಾನು ಹೇಳ್ಕೊಟ್ಟ ದುಡ್ಡನ್ನೇ ಅದು ವಾಪಸ್ ಹೇಳ್ತಿತ್ತು, ಟೆಸ್ಟ್ ಎಲ್ಲಾ ಪಾಸ್. ಒಳಗೆ ನೋಡಿದ್ರೆ ಟೈಮ್‌ನ ಲೋಕಲ್ ಡೇಟ್ ಟೈಮ್ ನೌ ಅಂತ ನೇರವಾಗಿ ತಗೊಂಡಿದ್ದೆ, ಸರ್ವರ್ ಇದ್ದಿದ್ದು ಯುಟಿಸಿಲಿ, ಅದು ನಮ್ಮ ಟೈಮ್‌ಗಿಂತ ಐದೂವರೆ ಗಂಟೆ ಹಿಂದೆ. ಅಂದ್ರೆ ನಮ್ಮ ಬೆಳಗಿನ ಜಾವ 3.30ಕ್ಕೆ ನೈಟ್ ಚಾರ್ಜ್ ಶುರುವಾಗಿ 10.30ರವರೆಗೂ ನಡೀತಿತ್ತು, ಒಂಬತ್ತಕ್ಕೆ ಆಫೀಸಿಗೆ ಹೊರಟೋರು ಒಂದೂವರೆ ಪಟ್ಟು ಕೊಟ್ರು, ರಾತ್ರಿ ಹನ್ನೊಂದಕ್ಕೆ ಗಾಡಿ ಓಡಿಸಿದ ಡ್ರೈವರಣ್ಣಂಗೆ ಬರ್ಬೇಕಾದ ದುಡ್ಡು ಬರ್ಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಅದಕ್ಕೇ ಈಗ ಲೆಕ್ಕ ಮಾಡೋ ಕ್ಲಾಸ್‌ಗಳನ್ನ ನಿಜವಾದ್ದನ್ನೇ ಕೊಡ್ತೀನಿ. ಪೇಮೆಂಟ್ ಗೇಟ್‌ವೇ, ಎಸ್ಸೆಮ್ಮೆಸ್, ಮ್ಯಾಪ್ ದೂರ ಕೇಳೋದು, ಹೀಗೆ ನಮ್ಮ ಪ್ರೋಗ್ರಾಮ್ ಬಿಟ್ಟು ಆಚೆ ಹೋಗೋವನ್ನ ಮಾತ್ರ ಮಾಕ್ ಮಾಡೋದು. ಡೇಟಾಬೇಸ್‌ನಲ್ಲಿ ಇಟ್ಟು ತೆಗೆಯೋ ರೆಪಾಸಿಟರಿ ಕ್ಲಾಸ್‌ಗೆ, ಒಳಗೊಂದು ಹ್ಯಾಶ್‌ಮ್ಯಾಪ್ ಇಟ್ಕೊಂಡು ನಿಜವಾಗ್ಲೂ ಕೆಲಸ ಮಾಡೋ ಸಣ್ಣ ಫೇಕ್ ಬರ್ದ್ರೆ ಸಾಕು.

ಟೈಮ್‌ಗಂತೂ ಮಾಕೇ ಬೇಡ. ಜಾವಾ 8ರಲ್ಲೇ ಕ್ಲಾಕ್ ಅನ್ನೋ ಕ್ಲಾಸ್ ಬಂದಿದೆ, ಅದನ್ನ ಕನ್‌ಸ್ಟ್ರಕ್ಟರ್‌ಗೆ ಕೊಡಿ, ಟೆಸ್ಟ್‌ನಲ್ಲಿ ಕ್ಲಾಕ್ ಡಾಟ್ ಫಿಕ್ಸ್ಡ್ ಹಾಕಿ, ಅದು ಯಾವಾಗ್ಲೂ ನೀವು ಕೊಟ್ಟ ಟೈಮನ್ನೇ ಹೇಳುತ್ತೆ. ಅದಕ್ಕೆ ಬೇಕಂತಲೇ ಯುಟಿಸಿ ಝೋನ್ ಕೊಡಿ, ಇಂಡಿಯಾ ಟೈಮ್‌ಗೆ ಬದಲಾಯಿಸೋ ಕೆಲಸ ಕ್ಯಾಲ್ಕುಲೇಟರ್‌ದೇ ಆಗಿರ್ಲಿ, ಆಗ ನಾನು ಮಾಡಿದಂಥ ತಪ್ಪು ಟೆಸ್ಟ್‌ನಲ್ಲೇ ಸಿಕ್ಕಿಬೀಳುತ್ತೆ.

ಇಂಟರ್‌ಫೇಸ್ ವಿಷ್ಯ: ಮಾಕ್ ಮಾಡೋಕೆ ಅಂತಲೇ ಮಾಡೋದು ಬೇಡ, ಮಾಕ್ ಮಾಡೋ ಜಾವಾ ಲೈಬ್ರರಿ ಮಾಕಿಟೋ ಕ್ಲಾಸನ್ನೇ ನೇರವಾಗಿ ಮಾಕ್ ಮಾಡುತ್ತೆ. ಮುಂಚೆ ಫೈನಲ್ ಕ್ಲಾಸ್ (ಎಕ್ಸ್‌ಟೆಂಡ್ ಮಾಡೋಕೆ ಬಿಡದ್ದು) ಅಂದ್ರೆ ಆಗ್ತಿರ್ಲಿಲ್ಲ, ಕಾಟ್ಲಿನ್ ಭಾಷೇಲಿ ಬರೆಯೋರಿಗೆ ಅದೇ ತಲೆನೋವು ಯಾಕಂದ್ರೆ ಅಲ್ಲಿ ಕ್ಲಾಸ್‌ಗಳೆಲ್ಲ ತಾವಾಗೇ ಫೈನಲ್, ಆದ್ರೆ 2023ರಲ್ಲಿ ಬಂದ ಮಾಕಿಟೋ 5ರಿಂದ ಯಾವ ಸೆಟ್ಟಿಂಗೂ ಇಲ್ದೆ ಅದೂ ಆಗುತ್ತೆ.

ಇನ್ನೊಂದು, ಮಾಕ್‌ಗಳನ್ನ ತಾನೇ ಸೇರಿಸಿಕೊಡೋ ಮಾಕಿಟೋದ ಇಂಜೆಕ್ಟ್ ಮಾಕ್ಸ್ ಅನೋಟೇಶನ್ ನಂಬ್ಕೋಬೇಡಿ. ಯಾವ್ದಾದ್ರೂ ಕ್ಲಾಸ್ ಸೇರಿಸೋಕೆ ಆಗ್ದಿದ್ರೆ ಅದು ಬಾಯೇ ಬಿಡಲ್ಲ, ಅಲ್ಲಿ ನಲ್ ಕೂತಿರುತ್ತೆ, ಆಮೇಲೆ ಎಲ್ಲೋ ಒಡೆಯುತ್ತೆ. ನ್ಯೂ ಅಂತ ನೀವೇ ಬರ್ದು ಐದನ್ನೂ ಕೈಯಾರೆ ಕೊಡಿ, ಒಂದು ಮರೆತ್ರೆ ಕಂಪೈಲೇ ಆಗಲ್ಲ. ಈ ಟೆಸ್ಟ್‌ಗೆ ಸ್ಪ್ರಿಂಗ್ ಎಬ್ಬಿಸೋದೂ ಬೇಡ, ಮಾಕ್ ಬೀನ್‌ಗಳು (ಸ್ಪ್ರಿಂಗ್ ಒಳಗೆ ಹಾಕೋ ಮಾಕ್‌ಗಳು) ಒಂದೊಂದು ಟೆಸ್ಟ್ ಕ್ಲಾಸಲ್ಲಿ ಒಂದೊಂದು ಥರ ಇದ್ರೆ ಕಾಂಟೆಕ್ಸ್ಟ್, ಅಂದ್ರೆ ಸ್ಪ್ರಿಂಗ್ ಕಟ್ಟೋ ಇಡೀ ಸೆಟಪ್, ಪ್ರತಿ ಸಲ ಹೊಸದಾಗಿ ಏಳುತ್ತೆ, ಬಿಲ್ಡ್ ಮುಗಿಯೋದೇ ಇಲ್ಲ.

ಮೊದಲು ಈ ಟೆಸ್ಟ್ ಬರೀರಿ: ಈಗಿನ ರೇಟಲ್ಲಿ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18, ಅಂದ್ರೆ 5 ಕಿಲೋಮೀಟರ್‌ಗೆ ಹಗಲಲ್ಲಿ 90, ರಾತ್ರಿ 135. ರಾತ್ರಿ 9.59, 10.00, ಬೆಳಿಗ್ಗೆ 4.59, 5.00, ಈ ನಾಲ್ಕೂ ಟೈಮ್ ಹಾಕಿ ನೋಡಿ. ಎಲ್ಲಾದ್ರೂ ಫೇಲ್ ಆದ್ರೆ ಕ್ಯಾಲ್ಕುಲೇಟರ್ ಕೋಡ್ ಇಲ್ಲೇ ಹಾಕಿ, ನೋಡ್ತೀನಿ.