ಕೊಡಗಿನಂಥ ಜಿಲ್ಲೆಯ ಯುವಕರು ದೇಶದ ಎಐ ಬೆಳವಣಿಗೆಗೆ ಏನು ಮಾಡಬಹುದು?

ನಮ್ಮ ನೆಲದ ದತ್ತಾಂಶ ಕಲೆಹಾಕಿ, ಅದರಿಂದ ಇಲ್ಲಿನ ಸಮಸ್ಯೆ ಬಿಡಿಸಬಹುದು. ಎಐ ಕಲಿಯುವುದು ಉದಾಹರಣೆಗಳಿಂದ. ತೋರಿಸದೇ ಇದ್ದದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು ಹೊಕ್ಕರೆ ಕಾಂಡದ ಮೇಲೆ ಉಬ್ಬುಗೆರೆ ಏಳುತ್ತದೆ, ಎಲೆ ಹಳದಿಯಾಗಿ ಬಾಡುತ್ತದೆ. ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಇಂಥ ಕಾಂಡಗಳ ಫೋಟೊ ತೆಗೆದು, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ತಜ್ಞರಿಂದ ‘ಕೊರಕ ಇದೆ’, ‘ಇಲ್ಲ’ ಎಂದು ಗುರುತು ಹಾಕಿಸಿದರೆ, ಉಚಿತವಾಗಿ ಸಿಗುವ ಎಐ ಮಾಡೆಲ್‌ಗೇ ತರಬೇತಿ ಕೊಟ್ಟು ಫೋನಿನಲ್ಲಿ ಓಡುವ ಆ್ಯಪ್ ಮಾಡಬಹುದು. ನನ್ನ ಪ್ರಕಾರ ಕೋಡಿಂಗ್‌ಗಿಂತ ಈ ಗುರುತು ಹಾಕುವ ಕೆಲಸಕ್ಕೇ ಬೆಲೆ ಹೆಚ್ಚು.

ಕೊಡಗಿನ ಭಾಷೆಗಳಾದ ಕೊಡವ ತಕ್ಕ್, ಅರೆಭಾಷೆಗಳಿಗೂ ಇದೇ ಮಾತು. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಇವು ಇಲ್ಲ; ಹಾಗಾಗಿ ಇವುಗಳ ಉದಾಹರಣೆಯನ್ನು ಎಐಗೆ ಬೇರೆಯವರು ಕೊಡಲಿ ಎಂದು ಕಾಯುವಂತಿಲ್ಲ. ಹಿರಿಯರ ಒಪ್ಪಿಗೆ ಪಡೆದು ಅವರ ಮಾತನ್ನು ಧ್ವನಿಮುದ್ರಿಸುವ ಕೆಲಸಕ್ಕೆ ಊರಿನ ಮಕ್ಕಳೇ ಕೈಹಾಕಬೇಕು.